ಲೆಟರ್‌ಬಾಕ್ಸ್‌ಡ್: ಭಾಷೆಯ ಕಾಲಂ ಇಲ್ಲದ ಸಿನಿಮಾ ಡೈರಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಕ್ಷಯ ಕೇಂದ್ರದಲ್ಲಿ, ಅಂದರೆ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಸಿಕೊಡುವ ಕಡೆ, ನನ್ನ ಕೆಲಸ. ರೇಷನ್ ಕಾರ್ಡು, ಆದಾಯ ಸರ್ಟಿಫಿಕೇಟು, ಪಿಂಚಣಿ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆ ಅಂತ ದಾಖಲಿಸುವುದು). ಬೆಳಗ್ಗಿನಿಂದ ಸಂಜೆವರೆಗೆ ಬೇರೆಯವರ ಫಾರ್ಮ್ ತುಂಬಿಸುವುದು. ಹಾಗಾಗಿ ಯಾವ ಆಪ್ ತೆರೆದರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಕಾಲಂಗಳ ಮೇಲೆ. ಏನು ಕೇಳುತ್ತದೆ, ಏನು ಕೇಳುವುದಿಲ್ಲ, ಯಾವುದನ್ನು ಖಾಲಿ ಬಿಟ್ಟರೂ ನಡೆಯುತ್ತದೆ. ಸಿನಿಮಾ ಡೈರಿಯ ಆಪ್ ಬಗ್ಗೆ ಬರೆಯುವಾಗಲೂ ಆ ಚಾಳಿ ಬಿಡುವುದಿಲ್ಲ.

ಲೆಟರ್‌ಬಾಕ್ಸ್‌ಡ್ ಗೊತ್ತಿಲ್ಲದವರಿಗೆ ಎರಡು ಮಾತು. ನೋಡಿದ ಸಿನಿಮಾಗಳ ಲೆಕ್ಕ ಇಟ್ಟುಕೊಳ್ಳುವ ಆಪ್ ಇದು, ವೆಬ್‌ಸೈಟೂ ಉಂಟು. 2011ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮ್ಯಾಥ್ಯೂ ಬುಕಾನನ್ ಮತ್ತು ಕಾರ್ಲ್ ವಾನ್ ರಾಂಡೋ ಅನ್ನುವ ಇಬ್ಬರು ಶುರು ಮಾಡಿದರು. 2023ರಲ್ಲಿ ಕೆನಡಾದ ಟೈನಿ ಎಂಬ ಕಂಪನಿ ದೊಡ್ಡ ಪಾಲು ಕೊಂಡುಕೊಂಡಿತು. ಖಾತೆ ತೆರೆಯಲು ದುಡ್ಡು ಬೇಡ. ಜಾಹೀರಾತು ಬರುತ್ತದೆ, ಅಷ್ಟೆ.

ಇದನ್ನು ನನ್ನ ಫೋನಿಗೆ ಹಾಕಿಕೊಟ್ಟವನು ಅಣ್ಣನ ಮಗ. ಅವನಿಗೆ ಅದರಲ್ಲಿ ಬೇಕಾದದ್ದು ಬೇರೆ. ಬೇರೆಯವರು ಬರೆದ ಒಂದು ಸಾಲಿನ ಜೋಕು ಓದುವುದು, ಇಷ್ಟದ ನಾಲ್ಕು ಸಿನಿಮಾವನ್ನು ಪ್ರೊಫೈಲಿನ ಮೇಲೆ ಸಾಲಾಗಿ ಜೋಡಿಸುವುದು. ನನಗೆ ಬೇಕಾದದ್ದು ಒಂದೇ: ಈ ತಿಂಗಳು ನಾನು ಏನೇನು ನೋಡಿದೆ? ಯಾಕೆಂದರೆ ತಿಂಗಳ ಕೊನೆಗೆ ಏನೂ ನೆನಪಿರುವುದಿಲ್ಲ. ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ಅರ್ಧ, ಮಾರನೆ ದಿನ ಇನ್ನರ್ಧ. ಹಾಗೆ ನೋಡಿದ ಸಿನಿಮಾ ಎಲ್ಲಿ ನೆನಪಿರುತ್ತದೆ ಹೇಳಿ.

ಶುರು ಮಾಡುವವರು ಒಂದು ವಿಷಯ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಸಿನಿಮಾ ಪುಟದಲ್ಲಿ ಕಣ್ಣಿನ ಚಿತ್ರ ಇರುವ ಗುಂಡಿ ಒತ್ತಿದರೆ 'ನೋಡಿದ್ದೇನೆ' ಅಂತ ಮಾತ್ರ ಆಗುತ್ತದೆ, ಡೈರಿಗೆ ಹೋಗುವುದಿಲ್ಲ. ಡೈರಿಗೆ ಹೋಗಬೇಕಾದರೆ ನೋಡಿದ ತಾರೀಕು ಕೊಟ್ಟು ಲಾಗ್ ಮಾಡಬೇಕು. ಇದು ಕಿರಿಕಿರಿ ಅಂತ ಕೆಲವರು ಹೇಳುತ್ತಾರೆ. ನನಗೇನೋ ಇದು ತುಂಬಾ ಸರಿ ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ಭಾನುವಾರ ಸಂಜೆ ನೋಡಿದ ಸಿನಿಮಾಕ್ಕೆ ತಾರೀಕು ಎಲ್ಲಿಂದ ತರುವುದು? ಅದಕ್ಕೆ ಬರೀ ಕಣ್ಣು. ನಿನ್ನೆ ನೋಡಿದ್ದಕ್ಕೆ ತಾರೀಕು. ಡೈರಿ ತೆರೆದರೆ ತಿಂಗಳು ತಿಂಗಳು ಬೇರೆ ಬೇರೆಯಾಗಿ, ಪಕ್ಕದಲ್ಲಿ ಪುಟ್ಟ ಪೋಸ್ಟರ್ ಇಟ್ಟು ತೋರಿಸುತ್ತದೆ. ಮೇ ತಿಂಗಳು ಉದ್ದ, ಜೂನ್ ಗಿಡ್ಡ. ಜೂನಿನಲ್ಲಿ ಶಾಲೆ ಶುರು, ನಮ್ಮ ಕೇಂದ್ರದಲ್ಲಿ ಜನವೋ ಜನ. ಜತೆಗೆ ಮಳೆಗೆ ಕರೆಂಟೂ ಇರುವುದಿಲ್ಲ. ಅದೆಲ್ಲ ಡೈರಿ ನೋಡಿದರೇ ಗೊತ್ತಾಗುತ್ತದೆ.

ಇನ್ನು ಫಾರ್ಮ್ ವಿಷಯಕ್ಕೆ ಬರುತ್ತೇನೆ. ಲಾಗ್ ಮಾಡುವಾಗ ಅದು ಕೇಳುವುದು ಇಷ್ಟು: ಯಾವತ್ತು ನೋಡಿದಿರಿ, ಮೊದಲೇ ಒಮ್ಮೆ ನೋಡಿದ್ದಾ, ಎಷ್ಟು ಸ್ಟಾರ್, ಇಷ್ಟವಾಯಿತಾ ಅಂತ ಒಂದು ಹೃದಯದ ಗುರುತು, ಏನಾದರೂ ಬರೆಯುವುದಿದ್ದರೆ ಒಂದು ಜಾಗ, ಕೊನೆಗೆ ಟ್ಯಾಗ್, ಅಂದರೆ ನಾವೇ ಕೊಡುವ ಗುರುತಿನ ಪದ. ಯಾವ ಭಾಷೆಯಲ್ಲಿ ನೋಡಿದಿರಿ ಅಂತ ಕೇಳುವುದಿಲ್ಲ. ಎಲ್ಲಿ ನೋಡಿದಿರಿ ಅಂತಲೂ ಇಲ್ಲ. ಆಕ್ಲೆಂಡಿನವರಿಗೆ ಆ ಪ್ರಶ್ನೆ ಹೊಳೆಯದಿದ್ದರೆ ಅವರ ತಪ್ಪೇನಿಲ್ಲ. ಕಾಸರಗೋಡಿನವರಿಗೆ ಮಾತ್ರ ಆ ಎರಡು ಕಾಲಂ ಇಲ್ಲದೆ ಲೆಕ್ಕ ಪೂರ್ತಿ ಆಗುವುದೇ ಇಲ್ಲ.

ಯಾಕೆ ಅಂತೀರಾ? 'ಕಾಂತಾರ'ವನ್ನೇ ತೆಗೆದುಕೊಳ್ಳಿ. 2022ರ ಸೆಪ್ಟೆಂಬರ್ ಕೊನೆಗೆ ಕನ್ನಡದಲ್ಲಿ ಬಂತು. ಅಕ್ಟೋಬರಿನಲ್ಲಿ ಮಲಯಾಳಂ ಡಬ್, ಡಿಸೆಂಬರಿನಲ್ಲಿ ತುಳು. ನಮ್ಮ ಕಡೆಯವರಿಗೆ ಮೂರೂ ಸ್ವಂತ ಭಾಷೆಯೇ ಅಲ್ವಾ? ಕನ್ನಡದ್ದನ್ನು ಮಂಗಳೂರಿಗೆ ಹೋಗಿ ಮನೆಯವರೆಲ್ಲ ಒಟ್ಟಿಗೆ ನೋಡಿದೆವು. ಮಲಯಾಳಂ ಡಬ್ ನೋಡಿದ್ದು ಜೊತೆಗೆ ಕೆಲಸ ಮಾಡುವ ಹುಡುಗಿಯರ ಒಟ್ಟಿಗೆ, ಅವರಿಗೆ ಕನ್ನಡ ಬರುವುದಿಲ್ಲ. ತುಳುವಿಗೆ ಅಮ್ಮನನ್ನು ಕರೆದುಕೊಂಡು ಹೋದೆ. ದೈವ ತುಳುವಿನಲ್ಲಿ ಮಾತಾಡಿದಾಗ ಅಮ್ಮ ಕುರ್ಚಿಯಲ್ಲೇ ಕೈ ಮುಗಿದರು. ಈಗ ಡೈರಿ ತೆರೆದರೆ ಏನು ಕಾಣುತ್ತದೆ? ಒಂದೇ ಪೋಸ್ಟರ್, ಒಂದೇ ಹೆಸರು, ಮೂರು ತಾರೀಕು. ಎರಡರ ಪಕ್ಕದಲ್ಲಿ 'ಮತ್ತೆ ನೋಡಿದ್ದು' ಅನ್ನುವ ಗುರುತು. ನನ್ನ ಲೆಕ್ಕದಲ್ಲಿ ಅದು ಮತ್ತೆ ನೋಡಿದ್ದಲ್ಲ. ಮೂರು ಬೇರೆ ಸಿನಿಮಾ.

ಇದಕ್ಕೆ ದಾರಿ ಇಲ್ಲವೇ ಅಂದರೆ, ಉಂಟು. ಆ ಕೊನೆಯ ಟ್ಯಾಗ್ ಪೆಟ್ಟಿಗೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ನನಗೆ ಇಡೀ ಆಪಿನಲ್ಲಿ ಬೆಲೆಯಿರುವುದು ಅದೊಂದಕ್ಕೇ. ಏನು ಬೇಕಾದರೂ ಬರೆಯಬಹುದು, ಎಷ್ಟು ಬೇಕಾದರೂ ಹಾಕಬಹುದು. ನಾನು ಮೊದಲು ಭಾಷೆ ಹಾಕುತ್ತೇನೆ, ಡಬ್ ಆದರೆ ಹಾಗಂತ ಸೇರಿಸುತ್ತೇನೆ. ಆಮೇಲೆ ಜಾಗ: ಮಂಗಳೂರು, ಕಾಸರಗೋಡು, ಟಿವಿ, ಮೊಬೈಲ್. ಆಮೇಲೆ ಯಾರ ಜೊತೆ. ಒಮ್ಮೆ ಬರೆದ ಟ್ಯಾಗ್ ಮುಂದಿನ ಸಲ ಎರಡು ಅಕ್ಷರ ಒತ್ತುವಾಗಲೇ ಬಂದು ನಿಲ್ಲುತ್ತದೆ. ಟ್ಯಾಗ್ ಮೇಲೆ ಒತ್ತಿದರೆ ಆ ಗುಂಪಿನದೆಲ್ಲ ಒಂದೇ ಕಡೆ. ಒಂದು ಬುದ್ಧಿಮಾತು: ಸ್ಪೆಲ್ಲಿಂಗ್ ಮೊದಲೇ ಗಟ್ಟಿ ಮಾಡಿಕೊಳ್ಳಿ. ಒಂದು ಸಲ ಮಲಯಾಳಂ ಅಂತ, ಇನ್ನೊಂದು ಸಲ ಮಲೆಯಾಳಂ ಅಂತ ಬರೆದರೆ ಎರಡು ಗುಂಪಾಗುತ್ತದೆ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು ಅಂತ ಜನ ಒದ್ದಾಡುವುದನ್ನು ದಿನಾ ನೋಡುತ್ತೇನೆ.

ಭಾಷೆಯ ಕಾಲಂ ಇಲ್ಲದಿದ್ದರೂ, ಎರಡು ಭಾಷೆಯ ನಡುವೆ ಓಡಾಡುವವರಿಗೆ ಇದರಲ್ಲಿ ಇನ್ನೊಂದು ಸುಖ ಉಂಟು. ಯಾವ ಹೆಸರಿನ ಮೇಲೆ ಬೇಕಾದರೂ ಒತ್ತಬಹುದು. 'ತಿಂಗಳಾಳ್ಚ ನಿಶ್ಚಯಂ' 2021ರ ಮಲಯಾಳಂ ಸಿನಿಮಾ. ಕಾಞಂಗಾಡಿನ ಒಂದು ಮನೆ, ನಾಳೆ ನಿಶ್ಚಿತಾರ್ಥ, ಹುಡುಗಿಗೆ ಮನಸ್ಸಿಲ್ಲ. ನೋಡುವಾಗ ಅದು ನಮ್ಮ ನೆಂಟರ ಮನೆಯೇ ಅನ್ನಿಸಿತು. ನಿರ್ದೇಶಕರು ಸೆನ್ನ ಹೆಗ್ಡೆ. ಆ ಹೆಸರನ್ನು ಒತ್ತಿದರೆ ಕೆಳಗೆ ಬಂದದ್ದು 2018ರ ಕನ್ನಡ ಸಿನಿಮಾ 'ಕಥೆಯೊಂದು ಶುರುವಾಗಿದೆ'. ದಿಗಂತ್ ಇರುವ ಸಿನಿಮಾ, ಎಂದೋ ನೋಡಿ ಕಣ್ಣಿನ ಗುರುತು ಹಾಕಿದ್ದೆ. ಎರಡರ ನಿರ್ದೇಶಕರೂ ಒಬ್ಬರೇ ಅಂತ ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಕನ್ನಡ ಸಿನಿಮಾದ ಮಾತು ಒಂದು ಗುಂಪಿನಲ್ಲಿ, ಮಲಯಾಳಂ ಸಿನಿಮಾದ ಮಾತು ಇನ್ನೊಂದು ಗುಂಪಿನಲ್ಲಿ ನಡೆಯುತ್ತದೆ. ಈ ಆಪ್ ಎರಡನ್ನೂ ಒಂದೇ ಜಗಲಿಯಲ್ಲಿ ಕೂರಿಸುತ್ತದೆ.

ಅಲ್ಲಿಂದ ನನಗೆ ಪಟ್ಟಿ ಮಾಡುವ ಹುಚ್ಚು ಹಿಡಿಯಿತು. ನಮ್ಮ ಜಿಲ್ಲೆಯ ಕಥೆ ಇರುವ ಸಿನಿಮಾಗಳ ಪಟ್ಟಿ. 2017ರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ' ಅದರಲ್ಲಿ ಉಂಟು, ಆ ಕಥೆಯ ಪೊಲೀಸ್ ಠಾಣೆ ಶೇಣಿಯದ್ದು. ಶೇಣಿ ಅಂದರೆ ನಮಗೆ ಮೊದಲು ನೆನಪಾಗುವುದು ಯಕ್ಷಗಾನದ ಶೇಣಿ ಗೋಪಾಲಕೃಷ್ಣ ಭಟ್ಟರು. ಆ ಹೆಸರು ಬೋರ್ಡಿನ ಮೇಲೆ ಕಂಡಾಗ ಅಪ್ಪ ಪೇಪರ್ ಬದಿಗಿಟ್ಟು ಕೂತರು. 2018ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಕೂಡ ಉಂಟು, ರಿಷಬ್ ಶೆಟ್ಟರದ್ದು. ಕನ್ನಡ ಶಾಲೆ ಮುಚ್ಚುವ ಕಥೆ. ನಾನು ಕಲಿತದ್ದೂ ಕನ್ನಡ ಮಾಧ್ಯಮದಲ್ಲೇ, ಹಾಗಾಗಿ ಅದಕ್ಕೆ ಸ್ಟಾರ್ ಕೊಡುವಾಗ ನ್ಯಾಯ ನೋಡುವುದು ಕಷ್ಟ.

ಸ್ಟಾರ್ ವಿಷಯ ಬಂತಲ್ಲ. ಅರ್ಧದಿಂದ ಐದರವರೆಗೆ, ಅರ್ಧರ್ಧ ಏರಿಸುತ್ತಾ ಹೋಗಬಹುದು. ಅಣ್ಣನ ಮಗ ನನ್ನ ಪುಟ ನೋಡಿ, "ಅತ್ತೆ, ನೀವು ಎಲ್ಲದಕ್ಕೂ ಮೂರೂವರೆಯೇ ಕೊಡ್ತೀರಿ. ಪಾಸ್ ಮಾರ್ಕಾ ಇದು?" ಅಂತ ನಗಾಡಿದ. ಹೌದು ಮಾರಾಯಾ, ಅಂದೆ. ಎರಡೂವರೆ ಗಂಟೆ ಯಾರೋ ಕಷ್ಟಪಟ್ಟು ತೋರಿಸಿದ್ದಾರೆ, ಒಂದೂವರೆ ಹೇಗೆ ಕೊಡುವುದು? ಈಗ ಸ್ಟಾರ್ ಜಾಗ ಖಾಲಿ ಬಿಡುತ್ತೇನೆ. ಬಿಟ್ಟರೂ ಡೈರಿಗೆ ಹೋಗುತ್ತದೆ. ಅದರ ಬದಲು ಒಂದು ಸಾಲು ಬರೆಯುತ್ತೇನೆ, ಕನ್ನಡದಲ್ಲೇ. ಈ ಅಭ್ಯಾಸ ಅಪ್ಪನಿಂದ ಬಂದದ್ದು. ನಮ್ಮ ಕಡೆ ಅಡಿಕೆ ತೋಟದ ಹಲವು ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುತ್ತಾರಲ್ಲ, ಅಪ್ಪನೂ ಬರೆಯುತ್ತಾರೆ. ಬೆಳಗ್ಗೆ ಅಂಗಳದ ಮಳೆಮಾಪಕ ನೋಡಿ ಇಷ್ಟು ಮಿಲಿಮೀಟರ್ ಅಂತ. ಆದರೆ ಹಳೆಯ ಡೈರಿ ತೆಗೆದರೆ ಯಾರೂ ಮಿಲಿಮೀಟರ್ ಓದುವುದಿಲ್ಲ. ಪಕ್ಕದಲ್ಲಿ ಸಣ್ಣಕ್ಕೆ 'ಗಾಳಿ ಜೋರು, ಕೆರೆಯ ಬದಿಯ ಮರ ಬಿತ್ತು' ಅಂತ ಬರೆದಿರುತ್ತಾರೆ, ಅದನ್ನೇ ಓದುವುದು.

ಇಲ್ಲದ ಸಿನಿಮಾಗಳ ಬಗ್ಗೆಯೂ ಹೇಳಬೇಕು. ಲೆಟರ್‌ಬಾಕ್ಸ್‌ಡ್‌ನವರು ಸಿನಿಮಾಗಳ ಮಾಹಿತಿಯನ್ನು ತಾವೇ ತುಂಬಿಸುವುದಿಲ್ಲ. ಟಿಎಂಡಿಬಿ ಎಂಬ ಇನ್ನೊಂದು ಸೈಟಿನಿಂದ ತರುತ್ತಾರೆ, ಅಲ್ಲಿ ತುಂಬಿಸುವುದು ನಮ್ಮಂತಹ ಸಾಮಾನ್ಯ ಜನರೇ. ಅಂದರೆ ಯಾರಿಗೋ ಪ್ರೀತಿ ಇದ್ದ ಸಿನಿಮಾ ಉಂಟು, ಯಾರೂ ಕೈ ಹಾಕದ್ದು ಇಲ್ಲ. 1971ರಲ್ಲಿ ಮೊದಲ ತುಳು ಸಿನಿಮಾ ಬಂದಾಗಿನಿಂದ ಎಷ್ಟೋ ತುಳು ಸಿನಿಮಾ ಬಂದಿವೆ, ಹಳೆಯವನ್ನು ಹುಡುಕುವವರು ತಾಳ್ಮೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಟಿಎಂಡಿಬಿಯಲ್ಲಿ ಖಾತೆ ತೆರೆದು ನೀವೇ ಸೇರಿಸಬಹುದು. ಹೆಸರು, ವರ್ಷ, ಭಾಷೆ, ನಿರ್ದೇಶಕರು ಇಷ್ಟು ಹಾಕಿದರೆ ಆಯಿತು, ಪೋಸ್ಟರ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸೇರಿದ್ದು ಸ್ವಲ್ಪ ಸಮಯದ ನಂತರ ಇಲ್ಲಿ ಕಾಣುತ್ತದೆ. ಫಾರ್ಮ್ ತುಂಬಿಸುವವಳಿಗೆ ಇದು ರಜೆಯ ದಿನದ ಆಟ. ಬೇರೆಯವರಿಗೆ ಬೇಜಾರು ಬರಬಹುದು. ಸಿನಿಮಾ ಹುಡುಕುವಾಗ ಇಂಗ್ಲಿಷ್ ಸ್ಪೆಲ್ಲಿಂಗೂ ಕಾಟ ಕೊಡುತ್ತದೆ. 'ಶಾಲೆ' ಅನ್ನಲು ಒಂದು ಎ ಹಾಕಬೇಕೋ ಎರಡೋ? ಹೆಸರಿನ ಬದಲು ನಟರ ಹೆಸರು ಹಿಡಿದು ಹೋಗುವುದು ಸುಲಭ.

ಬೇರೆ ಒಂದು ಆಪಿನಲ್ಲಿ ನಾನು ಮೊದಲು ಪುಸ್ತಕ, ಸಿನಿಮಾ ಎಲ್ಲ ಬರೆದಿಡುತ್ತಿದ್ದೆ. ಅದು ಒಂದು ದಿನ ಸುಮ್ನೆ ನಿಂತುಹೋಯಿತು. ಬರೆದದ್ದೆಲ್ಲ ಅದರೊಟ್ಟಿಗೇ ಹೋಯಿತು. ಆಮೇಲೆ ಯಾವ ಆಪ್ ಹಾಕಿದರೂ ಮೊದಲು ನೋಡುವುದು, ನಮ್ಮದನ್ನು ಹೊರಗೆ ತೆಗೆಯಲು ಬಾಗಿಲು ಉಂಟಾ ಅಂತ. ಇಲ್ಲಿ ಉಂಟು, ಅದೂ ಉಚಿತವಾಗಿ. ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಎಕ್ಸ್‌ಪೋರ್ಟ್ ಮಾಡಿದರೆ ಒಂದು ಜಿಪ್ ಫೈಲ್ ಸಿಗುತ್ತದೆ. ಒಳಗೆ ಡೈರಿಗೆ ಒಂದು, ಬರೆದ ವಿಮರ್ಶೆಗೆ ಒಂದು, ರೇಟಿಂಗಿಗೆ ಒಂದು ಅಂತ ಸಿಎಸ್‌ವಿ ಫೈಲುಗಳು, ಅಂದರೆ ಸಾಲು-ಕಾಲಂ ಇರುವ ಸಾದಾ ಪಟ್ಟಿಗಳು. ಡೈರಿ ಫೈಲಿನಲ್ಲಿ ಎರಡು ತಾರೀಕು ಇರುತ್ತದೆ, ಒಂದು ಬರೆದ ದಿನ, ಇನ್ನೊಂದು ನೋಡಿದ ದಿನ. ತಿಂಗಳ ಲೆಕ್ಕಕ್ಕೆ ಎರಡನೆಯದನ್ನು ಹಿಡಿಯಿರಿ. ಟ್ಯಾಗಿಗೂ ಒಂದು ಕಾಲಂ ಉಂಟು, ಹಾಗಾಗಿ ನನ್ನ ಭಾಷೆ, ಜಾಗ, ಜೊತೆಗಾರರು ಎಲ್ಲ ಹೊರಗೆ ಬರುತ್ತಾರೆ. ಕನ್ನಡದಲ್ಲಿ ಬರೆದ ಸಾಲುಗಳಿರುವ ಫೈಲನ್ನು ಎಕ್ಸೆಲ್‌ನಲ್ಲಿ ಸೀದಾ ತೆರೆದರೆ ಅಕ್ಷರ ಕೆಟ್ಟು ಕಾಣಬಹುದು. ಗೂಗಲ್ ಶೀಟ್ಸ್‌ಗೆ ಹಾಕಿ ನೋಡಿ, ಸರಿಯಾಗಿ ಬರುತ್ತದೆ.

ದುಡ್ಡು ಕೊಟ್ಟರೆ ಪ್ರೋ, ಇನ್ನೂ ಜಾಸ್ತಿ ಕೊಟ್ಟರೆ ಪೇಟ್ರನ್. ಪ್ರೋದಲ್ಲಿ ಜಾಹೀರಾತು ಇಲ್ಲ, ವರ್ಷದ ಅಂಕಿಅಂಶದ ಪುಟ ಸಿಗುತ್ತದೆ: ಯಾವ ನಟರನ್ನು ಹೆಚ್ಚು ನೋಡಿದಿರಿ, ಯಾವ ದೇಶದ್ದು, ಯಾವ ಭಾಷೆಯದ್ದು. ಆ ಭಾಷೆ ಅಂದರೆ ಸಿನಿಮಾದ ಮೂಲ ಭಾಷೆ, ನೀವು ಕೇಳಿದ ಭಾಷೆ ಅಲ್ಲ. ಅಲ್ಲಿಗೆ ನನಗೆ ಅದು ಬೇಡವಾಯಿತು. ಅಣ್ಣನ ಮಗ ತೆಗೆದುಕೊಂಡಿದ್ದಾನೆ, ಡಿಸೆಂಬರ್ ಬಂದರೆ ಬಣ್ಣಬಣ್ಣದ ಗ್ರಾಫನ್ನು ಎಲ್ಲರಿಗೂ ಕಳಿಸುತ್ತಾನೆ. ನನ್ನ ಹಾಗೆ ತಿಂಗಳ ಪಟ್ಟಿ ಮಾತ್ರ ಬೇಕಾದವರಿಗೆ ಉಚಿತದ್ದೇ ಸಾಕು, ಟ್ಯಾಗ್ ಹಾಕುವ ಸೋಮಾರಿತನ ಇಲ್ಲದಿದ್ದರೆ.

ಧಾರಾವಾಹಿ, ಯಕ್ಷಗಾನ ಬರೆದಿಡಲು ಇದು ಜಾಗವಲ್ಲ. ಅದಕ್ಕೆ ಪುಸ್ತಕವೇ ಗತಿ. ಹಾಗೆಯೇ, ನೀವು ಬರೆದದ್ದನ್ನು ಬೇರೆಯವರೂ ಓದಬಹುದು ಅನ್ನುವುದು ಗಮನದಲ್ಲಿರಲಿ. ಯಾರ ಜೊತೆ ನೋಡಿದ್ದು ಅನ್ನುವ ಟ್ಯಾಗಿನಲ್ಲಿ ಜನರ ಹೆಸರು ಹಾಕಬೇಡಿ. ನನ್ನದರಲ್ಲಿ ಅಮ್ಮ, ಮನೆಯವರು, ಆಫೀಸು ಇಷ್ಟೇ. ಒಬ್ಬಳೇ ನೋಡಿದ್ದಕ್ಕೂ ಒಂದು ಟ್ಯಾಗ್ ಉಂಟು, ಅದೇ ಜಾಸ್ತಿ.