ವೆನಿಲ್ಲಾ: ಎಸೆನ್ಸ್ ಸಾಕೇ, ಎಕ್ಸ್‌ಟ್ರಾಕ್ಟ್ ಬೇಕೇ?

ಓವನ್ನಿಗೆ ಹೋಗುವ ಕೇಕಿಗೆ ದುಬಾರಿ ಎಕ್ಸ್‌ಟ್ರಾಕ್ಟ್ ಸುರಿಯುವುದು ದಂಡ. ತಣ್ಣಗೆ ತಿನ್ನುವ ಕಸ್ಟರ್ಡಿಗೆ ಅಗ್ಗದ ಎಸೆನ್ಸ್ ಹಾಕುವುದು ಅದಕ್ಕಿಂತ ದೊಡ್ಡ ದಂಡ. ನಾಲ್ಕು ಬಗೆಯ ವೆನಿಲ್ಲಾವನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ನನ್ನ ತೀರ್ಪು ಇದು.

ಪರೀಕ್ಷೆಗೆ ಇಟ್ಟುಕೊಂಡದ್ದು ಒಂದೇ ಅಳತೆಯ ಸ್ಪಾಂಜ್ ಕೇಕ್, ಜೊತೆಗೆ ಹಾಲು, ಸಕ್ಕರೆ, ಮೊಟ್ಟೆಯ ಹಳದಿಯಿಂದ ಮಾಡಿದ ಕಸ್ಟರ್ಡ್. ಅಂಗಡಿಯ ಕಸ್ಟರ್ಡ್ ಪುಡಿ ಮುಟ್ಟಲಿಲ್ಲ, ಅದರಲ್ಲಿ ಮೊದಲೇ ವೆನಿಲ್ಲಾ ಪರಿಮಳ ಸೇರಿರುತ್ತದೆ.

ದಿನಸಿ ಅಂಗಡಿಯ ಪುಟ್ಟ ಬಾಟಲಿಯ ಎಸೆನ್ಸ್ ಎಂದರೆ ಹೆಚ್ಚುಕಡಿಮೆ ವೆನಿಲಿನ್ ಒಂದೇ, ಅಂದರೆ ವೆನಿಲ್ಲಾದ ಘಮಕ್ಕೆ ಮುಖ್ಯ ಕಾರಣವಾದ ರಾಸಾಯನಿಕ. 1874ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಟೀಮನ್ ಮತ್ತು ಹಾರ್ಮನ್ ಇದನ್ನು ಪೈನ್ ಜಾತಿಯ ಮರದ ರಸದಲ್ಲಿರುವ ಕೋನಿಫೆರಿನ್‌ನಿಂದ ತಯಾರಿಸಿದರು. ಈಗ ಬಹುಪಾಲು ಬರುವುದು ಪೆಟ್ರೋಲಿಯಂ ಮೂಲದ ರಾಸಾಯನಿಕ ಗ್ವಾಯಕಾಲ್‌ನಿಂದ. ಕೇಕಿನಲ್ಲಿ ಇದಕ್ಕೂ ಅಸಲಿಗೂ ವ್ಯತ್ಯಾಸ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಓವನ್ನಿನ ಶಾಖಕ್ಕೆ ನವಿರು ಪರಿಮಳಗಳೆಲ್ಲ ಹಾರಿಹೋಗುತ್ತವೆ. ಕಸ್ಟರ್ಡಿನಲ್ಲಿ ಮಾತ್ರ ಘಮ್ಮೆಂದು ಮೂಗಿಗೆ ಬಡಿದು ಅಲ್ಲಿಗೇ ಮುಗಿಯಿತು. ಎರಡು ತೊಟ್ಟು ಹೆಚ್ಚಾದರೆ ನಾಲಿಗೆಯ ಹಿಂಬದಿಯಲ್ಲಿ ಕಹಿ.

ಎಕ್ಸ್‌ಟ್ರಾಕ್ಟ್ ಬೇರೆಯೇ ಸಂಗತಿ, ಅದು ವೆನಿಲ್ಲಾ ಬಳ್ಳಿಯ ಕೋಡನ್ನು (ಉದ್ದನೆಯ ಕಾಯಿಯನ್ನು) ಆಲ್ಕೋಹಾಲಿನಲ್ಲಿ ನೆನೆಸಿ ಇಳಿಸಿದ ಸಾರ. ಅಮೆರಿಕದ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 35% ಆಲ್ಕೋಹಾಲ್ ಇರಬೇಕು, ಲೀಟರಿಗೆ ಸುಮಾರು 100 ಗ್ರಾಂ ತೂಕದ ಕೋಡುಗಳ ಸಾರ ಇಳಿದಿರಬೇಕು. ಮಡಗಾಸ್ಕರ್ ಕೋಡಿನ ಬಾಟಲಿ ತರಿಸಿದ್ದೆ. ತಣ್ಣನೆಯ ಕಸ್ಟರ್ಡಿನಲ್ಲಿ ಮೊದಲು ಹಾಲಿನ ರುಚಿ, ಆಮೇಲೆ ಒಣದ್ರಾಕ್ಷಿಯದ್ದೋ ಹಳೆಯ ಮರದ್ದೋ ಎನ್ನಬಹುದಾದ ವಾಸನೆ ನಿಧಾನಕ್ಕೆ ಏಳುತ್ತದೆ. ನುಂಗಿದ ಮೇಲೂ ಉಳಿಯುತ್ತದೆ. ಕೋಡಿನಲ್ಲಿ ವೆನಿಲಿನ್ ಜೊತೆಗೆ 200ಕ್ಕೂ ಹೆಚ್ಚು ಪರಿಮಳದ ಅಂಶಗಳಿವೆ. ಬೆಲೆ ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ.

ಆ ಬೆಲೆಗೆ ಕಾರಣ ಬೇಕೆಂದರೆ ತೋಟ ನೋಡಬೇಕು. ವೆನಿಲ್ಲಾ ಮೂಲತಃ ಮೆಕ್ಸಿಕೋ, ಮಧ್ಯ ಅಮೆರಿಕದ ಆರ್ಕಿಡ್ ಬಳ್ಳಿ. ಹೂವು ಬೆಳಗ್ಗೆ ಅರಳಿ ಅದೇ ದಿನ ಬಾಡುತ್ತದೆ, ಅಷ್ಟರೊಳಗೆ ಕಡ್ಡಿ ಹಿಡಿದು ಒಂದೊಂದಕ್ಕೂ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಈ ಉಪಾಯ ತೋರಿಸಿಕೊಟ್ಟವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಗುಲಾಮ ಹುಡುಗ ಎಡ್ಮಂಡ್ ಆಲ್ಬಿಯಸ್. 1841ರಲ್ಲಿ ಅವನಿಗೆ ಹನ್ನೆರಡು ವರ್ಷ. ಕೋಡು ಬಲಿಯಲು ಒಂಬತ್ತು ತಿಂಗಳು ಬೇಕು. ಬಲಿತರೂ ಹಸಿ ಕೋಡಿಗೆ ವಾಸನೆಯಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ವಾರಗಟ್ಟಲೆ ಬಿಸಿಲಿಗೆ ಹರವಿ, ಆಮೇಲೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಕಪ್ಪಗೆ, ಎಣ್ಣೆಯ ಪಸೆಯೊಂದಿಗೆ ಸಿದ್ಧವಾಗುತ್ತದೆ. ಐದಾರು ಕಿಲೋ ಹಸಿ ಕೋಡಿಗೆ ಸಿಗುವುದು ಒಂದು ಕಿಲೋ.

2000ದ ಚಂಡಮಾರುತಕ್ಕೆ ಮಡಗಾಸ್ಕರ್‌ನ ತೋಟಗಳು ನೆಲಕಚ್ಚಿದ ಮೇಲೆ ನಮ್ಮ ಮಲೆನಾಡು, ದಕ್ಷಿಣ ಕನ್ನಡದಲ್ಲೂ ಅಡಿಕೆಯ ನಡುವೆ ಬಳ್ಳಿ ಹಬ್ಬಿತು, ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ಸಿಕ್ಕಿತು. ನಂತರ ದರ ಕುಸಿದಾಗ ಎಷ್ಟೋ ಮಂದಿ ಬಳ್ಳಿ ಕಿತ್ತೆಸೆದರು. ಕೀಳದೆ ಬಿಟ್ಟ ನೆಂಟರೊಬ್ಬರ ತೋಟದ್ದೇ ನನ್ನ ಮೂರನೆಯ ಸ್ಪರ್ಧಿ.

ಕೋಡನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಕೆರೆದು ಹಾಲಿನಲ್ಲಿ ಕುದಿಸಿದೆ. ರುಚಿಯಲ್ಲಿ ಇದೇ ಎಲ್ಲಕ್ಕಿಂತ ಮೇಲು, ನೋಡಲಿಕ್ಕೂ ಚೆಂದ: ಹಾಲಿನ ತುಂಬ ಎಳ್ಳಿಗಿಂತ ಸಣ್ಣ ಕರಿ ಚುಕ್ಕೆ. ಆದರೆ ದಿನಬಳಕೆಗಾಗುವ ಕೆಲಸವಲ್ಲ.

ಕೊನೆಯದು ಮನೆಯಲ್ಲೇ ಮಾಡಿದ್ದು. 100 ಮಿಲಿ ವೋಡ್ಕಾಕ್ಕೆ ಸೀಳಿದ ಮೂರ್ನಾಲ್ಕು ಕೋಡು, ಕತ್ತಲ ಕಪಾಟು. ಎರಡು ತಿಂಗಳಿಗೆ ಬಣ್ಣ ಬಂದರೂ ಹಸಿ ಮದ್ಯದ ವಾಸನೆ ಮುಂದಿತ್ತು. ಆರು ತಿಂಗಳಿಗೆ ಕೊಂಡ ಎಕ್ಸ್‌ಟ್ರಾಕ್ಟಿಗೆ ಸಮವಾಯಿತು, ಖರ್ಚು ಅದರ ಅರ್ಧಕ್ಕಿಂತ ಕಡಿಮೆ. ಕೋಡು ಸಿಗುವವರಿಗೆ ನನ್ನ ಮತ ಇದಕ್ಕೇ.

ಪೋಷಕಾಂಶದ ಲೆಕ್ಕದಲ್ಲಿ ಆರಿಸುವುದಕ್ಕೆ ಇಲ್ಲಿ ಏನೂ ಇಲ್ಲ. ಒಂದು ಚಮಚ ಎಕ್ಸ್‌ಟ್ರಾಕ್ಟಿನಲ್ಲಿ ಸುಮಾರು 12 ಕ್ಯಾಲೊರಿ, ಅದೂ ಹೆಚ್ಚಾಗಿ ಆಲ್ಕೋಹಾಲಿನದ್ದು. ವಿಟಮಿನ್ ಹೆಸರಿಗೂ ಸಾಲದು. ಒಂದು ಲಾಭ ಕಂಡೆ: ಅಸಲಿ ಪರಿಮಳವಿದ್ದ ಕಸ್ಟರ್ಡಿಗೆ ಸಕ್ಕರೆ ಕಡಿಮೆ ಮಾಡಿದರೂ ಸಪ್ಪೆ ಎನ್ನಿಸಲಿಲ್ಲ.

ಮನೆಗೆ ಮದ್ಯ ಬೇಡ ಎನ್ನುವವರು ಕೆರೆದು ಉಳಿದ ಸಿಪ್ಪೆಯನ್ನು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹುಗಿದಿಡಿ, ಕೆಲವು ವಾರದಲ್ಲಿ ಸಕ್ಕರೆಯೇ ಘಮಗುಡುತ್ತದೆ. ಕಾಫಿಗೆ, ಹಾಲಿಗೆ ಸೊಗಸು. ಶ್ಯಾವಿಗೆ ಪಾಯಸಕ್ಕೆ ಮಾತ್ರ ಬೇಡ, ಅಲ್ಲಿ ಏಲಕ್ಕಿಯೇ ಇರಲಿ.