ಬಾಣಂತನಕ್ಕೆ ಮೂವತ್ತೇ ದಿನ: ಫ್ಲಾರಿಡಾದ ಹಿರಿಯರ ಬಡಾವಣೆಗೆ ಹೊರಟವರಿಗೆ

ಕಳೆದ ತಿಂಗಳು ನ್ಯೂ ಜೆರ್ಸಿಯಿಂದ ಹಳೆಯ ಗೆಳತಿ ಫೋನ್ ಮಾಡಿದ್ದಳು. "ನಾವೂ ಮನೆ ಮಾರಿ ನಿಮ್ಮ ಕಡೆಗೇ ಬಂದುಬಿಡಬೇಕು ಅಂದುಕೊಂಡಿದ್ದೇವೆ. ಹೇಗಿದೆ ಅಲ್ಲಿ?" ಎಂದಳು. ಮುಕ್ಕಾಲು ಗಂಟೆ ಬಿಡದೆ ಹೇಳಿದೆ. ಫೋನ್ ಇಟ್ಟ ಮೇಲೆ, ಇದನ್ನೇ ಬರೆದರೆ ಇನ್ನು ನಾಲ್ಕು ಮಂದಿಗೆ ಉಪಯೋಗವಾದೀತು ಅನ್ನಿಸಿತು. ಬಡಾವಣೆಯ ಹೆಸರು ಹೇಳುವುದಿಲ್ಲ. ಮಧ್ಯ ಫ್ಲಾರಿಡಾದ ದೊಡ್ಡ ಬಡಾವಣೆ, 55 ದಾಟಿದವರಿಗೆ ಮಾತ್ರ, ಇಷ್ಟು ಸಾಕು.

ನಾನು ದಾವಣಗೆರೆಯವಳು. 1984ರಲ್ಲಿ ಮದುವೆಯಾಗಿ ಅಮೆರಿಕಕ್ಕೆ ಬಂದವಳು ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಯಜಮಾನರು ಎಂಜಿನಿಯರ್. ಕಾಗದಪತ್ರ ಓದಲು ಬಾರದ ಪೆದ್ದರು ನಾವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೆದ್ದರಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನಾವು ಮೊದಲು ನೋಡಲು ಹೋದದ್ದು 2018ರ ಜನವರಿಯಲ್ಲಿ. ಅಲ್ಲಿಯೇ ತಪ್ಪಿದ್ದು. ನ್ಯೂ ಜೆರ್ಸಿಯಲ್ಲಿ ಹಿಮ ಎತ್ತಿಹಾಕಿ ಸೊಂಟ ಹಿಡಿದುಕೊಂಡಿತ್ತು. ಇಲ್ಲಿ ಬಂದಿಳಿದರೆ ಅರ್ಧ ತೋಳಿನ ಅಂಗಿಯ ಹವೆ. ಮೂರು ರಾತ್ರಿ ಅಗ್ಗದ ದರದಲ್ಲಿ ಉಳಿಸಿಕೊಂಡರು, ಓಡಾಡಲು ಒಂದು ಗಾಲ್ಫ್ ಗಾಡಿ ಕೊಟ್ಟರು. ಸಂಜೆ ಚೌಕದಲ್ಲಿ ವಾದ್ಯ ನುಡಿಸುತ್ತಿದ್ದರು, ಎಪ್ಪತ್ತರ ಗಂಡ ಹೆಂಡಿರು ಕುಣಿಯುತ್ತಿದ್ದರು. ನಮ್ಮವರು ಬೀದಿಯಲ್ಲಿ ಒಂದು ದಿನವೂ ನನ್ನ ಕೈ ಹಿಡಿದವರಲ್ಲ, ಅಂದು ಹಿಡಿದರು. ಮರುದಿನವೇ ಮುಂಗಡ ಕೊಟ್ಟೆವು.

ನೋಡುವುದಿದ್ದರೆ ಆಗಸ್ಟ್‌ನಲ್ಲಿ ಹೋಗಿ ನೋಡಿ. ಬೆಳಿಗ್ಗೆ ಒಂಬತ್ತಕ್ಕೇ ಹೊರಗೆ ಕಾಲಿಡಲಾಗದ ಸೆಕೆ, ಮಧ್ಯಾಹ್ನವಾದರೆ ಗುಡುಗು ಸಿಡಿಲು. ಚಳಿಗಾಲಕ್ಕೆಂದು ಉತ್ತರದಿಂದ ಬರುವವರೆಲ್ಲ ಏಪ್ರಿಲ್ ಕಳೆಯುತ್ತಲೇ ಬೀಗ ಹಾಕಿಕೊಂಡು ಹೋಗಿರುತ್ತಾರೆ. ನಮ್ಮ ಸಾಲಿನ ಹನ್ನೊಂದು ಮನೆಗಳಲ್ಲಿ ಆರಕ್ಕೆ ಬೀಗ. ಅದೇ ಜನವರಿ–ಮಾರ್ಚ್‌ನಲ್ಲಿ ವೈದ್ಯರ ಭೇಟಿಗೆ ಐದಾರು ವಾರ ಕಾಯಬೇಕು.

ಇನ್ನು ದುಡ್ಡಿನ ಮಾತು. ಮನೆಗೆ 3,38,000 ಡಾಲರ್, ನಗದು ಕೊಟ್ಟು ಕೊಂಡೆವು. ಸಾಲವಿಲ್ಲದ ಮನೆ ಎಂದು ನಾನು ದಾವಣಗೆರೆಯ ತಮ್ಮನಿಗೆ ಜಂಬದಿಂದ ಹೇಳಿದ್ದೆ. ಸಾಲವಿತ್ತು. ಫ್ಲಾರಿಡಾದಲ್ಲಿ 1980ರ ಒಂದು ಕಾನೂನಿದೆ; ಅದರಡಿ ಡೆವಲಪರ್‌ಗಳು ತಮ್ಮ ಬಡಾವಣೆಗೆ 'ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್' ಎಂಬ ಪುಟ್ಟ ಸರ್ಕಾರವನ್ನೇ ಕಟ್ಟಿಕೊಳ್ಳಬಹುದು. ಆ ಸರ್ಕಾರ ಬಾಂಡ್ ಹೊರಡಿಸಿ ಸಾಲ ಎತ್ತುತ್ತದೆ. ರಸ್ತೆ, ಚರಂಡಿ, ನೀರಿನ ಕೊಳವೆ ಆ ಹಣದಲ್ಲಿ ಆಗುತ್ತವೆ. ಸಾಲವನ್ನು ಒಂದೊಂದು ಸೈಟಿನ ತಲೆಗೆ ಹಂಚುತ್ತದೆ. ಮೊದಮೊದಲು ಅದರ ಮಂಡಳಿಯ ಚುನಾವಣೆಯಲ್ಲಿ ಎಕರೆಗೊಂದು ಮತ. ಎಕರೆಗಳೆಲ್ಲ ಯಾರ ಬಳಿ ಇರುತ್ತವೆ ಎಂದು ನಾನು ಹೇಳಬೇಕಾಗಿಲ್ಲ.

ನಮ್ಮ ಸೈಟಿನ ಪಾಲಿಗೆ ಬಂದದ್ದು 32,000 ಡಾಲರ್, 30 ವರ್ಷದ ಕಂತು. ವರ್ಷಕ್ಕೆ 2,200. ಆರು ವರ್ಷ ಕಟ್ಟಿದ್ದೇವೆ, ಅಂದರೆ 13,000ಕ್ಕೂ ಮೇಲೆ. ಮೊನ್ನೆ ಬಾಕಿ ಎಷ್ಟೆಂದು ಕೇಳಿದೆ: ಸುಮಾರು 29,000. ಬಡ್ಡಿಯೇ ಎಲ್ಲವನ್ನೂ ತಿಂದಿದೆ.

ಯಾರೂ ಮುಚ್ಚಿಡಲಿಲ್ಲ, ಅದು ಇನ್ನೂ ಸಂಕಟ. ಕರಾರಿನಲ್ಲಿ ಸಹಿ ಹಾಕುವ ಜಾಗದ ಮೇಲ್ಗಡೆಯೇ ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕಾನೂನು ಹೇಳುತ್ತದೆ. ಹಾಕಿದ್ದರು. ನಮ್ಮಿಬ್ಬರ ಸಹಿ ಅದರ ಕೆಳಗೇ ಇದೆ. ಏಜೆಂಟ್ ಹೆಂಗಸು ಆ ಹೊತ್ತಿಗೆ ಅಡುಗೆಮನೆಯ ಕಲ್ಲಿನ ಬಣ್ಣದ ಮಾದರಿಗಳನ್ನು ನನ್ನ ಮುಂದೆ ಹರಡಿದ್ದಳು. ಬೂದು ಬಣ್ಣವೋ ಕೆನೆ ಬಣ್ಣವೋ ಎಂದು ನಾನು ಹದಿನೈದು ನಿಮಿಷ ಯೋಚಿಸಿದ್ದು ನೆನಪಿದೆ. ಆಕೆ ಡೆವಲಪರ್‌ನ ಸಂಬಳದವಳು. ನಮ್ಮ ಪರವಾಗಿ ಆ ಮೇಜಿನಲ್ಲಿ ಯಾರೂ ಇರಲಿಲ್ಲ. ಕೆಲವು ನೂರು ಡಾಲರ್ ಕೊಟ್ಟು ಒಬ್ಬ ವಕೀಲರನ್ನು ಕೂರಿಸಿಕೊಳ್ಳಿ. ಸೈಟಿನ ಬಾಂಡ್ ಬಾಕಿ ಎಷ್ಟು, ಕಂತು ಯಾವ ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಹೊಸ ಮನೆಯಾದರೆ ತೆರಿಗೆಯಲ್ಲೂ ಒಂದು ಗುಂಡಿಯಿದೆ. ಫ್ಲಾರಿಡಾದಲ್ಲಿ ಆಸ್ತಿಯ ಬೆಲೆ ಕಟ್ಟುವುದು ಜನವರಿ 1ರಂದು ಅದು ಹೇಗಿತ್ತೋ ಹಾಗೆ. ನಮ್ಮ ಮನೆ ಮುಗಿದದ್ದು 2019ರ ಫೆಬ್ರುವರಿಯಲ್ಲಿ. ಹಾಗಾಗಿ ಆ ನವೆಂಬರ್‌ನ ಬಿಲ್ಲಿನಲ್ಲಿ ಬರಿಯ ಮಣ್ಣಿನ ಮೇಲಿನ ತೆರಿಗೆ, 580 ಡಾಲರ್. ನ್ಯೂ ಜೆರ್ಸಿಯ ತೆರಿಗೆ ಕಟ್ಟಿ ಕಟ್ಟಿ ಸೋತಿದ್ದ ನಮಗೆ ಸ್ವರ್ಗ ಸಿಕ್ಕಂತಾಗಿತ್ತು. ಮುಂದಿನ ನವೆಂಬರ್‌ನಲ್ಲಿ 3,460. ಮೇಲೆ ಬಾಂಡ್, ಅದರ ಮೇಲೆ ನಿರ್ವಹಣೆಯ ಶುಲ್ಕ, ಇವೆಲ್ಲ ಸಾಲದೆಂಬಂತೆ ಈಜುಕೊಳ–ಕ್ಲಬ್ಬುಗಳಿಗೆಂದು ತಿಂಗಳಿಗೆ 189. ಈಜಿದರೂ ಅಷ್ಟೇ, ಈಜದಿದ್ದರೂ ಅಷ್ಟೇ.

ದುಡ್ಡು ಹೋದರೆ ಹೋಗಲಿ. ನನಗೆ ಇಂದಿಗೂ ನುಂಗಲಾಗದ್ದು ಬಾಣಂತನದ ವಿಷಯ.

2022ರ ಜುಲೈನಲ್ಲಿ ಅಟ್ಲಾಂಟಾದಲ್ಲಿ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಕೆಲಸಕ್ಕೆ ಹನ್ನೆರಡು ವಾರ ರಜೆ. ಮಗುವಿಗೆ ಹದಿನಾರು ದಿನವಾದಾಗ ಅಳಿಯ ಕಾರಿನಲ್ಲಿ ಮೂವರನ್ನೂ ಕರೆತಂದು ಬಿಟ್ಟು ಹೋದ: ಬಾಣಂತಿ, ಕೂಸು, ಮೂರು ವರ್ಷದ ದೊಡ್ಡ ಮೊಮ್ಮಗ. ಮೊದಲ ಹೆರಿಗೆಯಲ್ಲಿ ನನ್ನ ಕೈಯಲ್ಲಿ ಆಗಿರಲಿಲ್ಲ, ಈ ಬಾರಿ ತೀರಿಸಿಕೊಳ್ಳಬೇಕೆಂದು ಕೊಬ್ಬರಿ, ಖರ್ಜೂರ, ಅಂಟು ಎಲ್ಲ ತರಿಸಿಟ್ಟಿದ್ದೆ. ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಮೆಣಸಿನ ಸಾರು, ಮಧ್ಯಾಹ್ನ ಇಬ್ಬರಿಗೂ ನಿದ್ದೆ. ಮನೆಯೊಳಗೆ ಹೊಗೆ ಎಚ್ಚರಿಕೆಯ ಯಂತ್ರ ಕೂಗುತ್ತದೆಂದು ಹಿಂದಿನ ಜಾಲರಿ ಜಗಲಿಯಲ್ಲಿ ಕೂತು ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದೆ.

ಸೆಪ್ಟೆಂಬರ್ ಎರಡನೆಯ ವಾರ ಕಾಗದ ಬಂತು. ಹತ್ತೊಂಬತ್ತರ ಒಳಗಿನವರು ಒಂದು ಕ್ಯಾಲೆಂಡರ್ ವರ್ಷದಲ್ಲಿ 30 ದಿನಕ್ಕಿಂತ ಹೆಚ್ಚು ತಂಗುವಂತಿಲ್ಲ. ನಿಮ್ಮ ಮನೆಯಲ್ಲಿ ಅಂಥ ಇಬ್ಬರು ಮಿತಿ ಮೀರಿದ್ದಾರೆ. ಹತ್ತು ದಿನದಲ್ಲಿ ಸರಿಪಡಿಸದಿದ್ದರೆ ದಂಡ. ಆ ಇಬ್ಬರಲ್ಲಿ ಒಬ್ಬನಿಗೆ ಇನ್ನೂ ಕತ್ತು ನಿಂತಿರಲಿಲ್ಲ. ದೊಡ್ಡವನು ಏಪ್ರಿಲ್‌ನಲ್ಲಿ ಬಂದು ಹೋಗಿದ್ದ ಒಂಬತ್ತು ದಿನವನ್ನೂ ಕೂಡಿಸಿದ್ದರು. ಆಗ ಈಜುಕೊಳಕ್ಕೆಂದು ಅವನ ಹೆಸರಿನಲ್ಲಿ ನಾನೇ ಅತಿಥಿ ಪಾಸು ಮಾಡಿಸಿದ್ದೆ. ಲೆಕ್ಕ ಸಿಕ್ಕಿದ್ದು ಅಲ್ಲಿಂದ. ಕೂಸಿನ ಲೆಕ್ಕವನ್ನು ಬೇಲಿಯಾಚೆಯವರು ಯಾರೋ ಕೊಟ್ಟಿರಬೇಕು. ದೂರು ಕೊಟ್ಟವರ ಹೆಸರು ಹೇಳುವುದಿಲ್ಲವಂತೆ.

ಕಚೇರಿಗೆ ಹೋದೆ. ಕೂತಿದ್ದ ಹುಡುಗಿ ಒರಟಾಗಿ ಏನೂ ಮಾತನಾಡಲಿಲ್ಲ. ನಮ್ಮಲ್ಲಿ ತಾಯಿ ಮನೆಯ ಬಾಣಂತನ ಮೂರು ತಿಂಗಳು ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡು, ತಲೆಯಾಡಿಸಿ, "ನಿಮ್ಮ ಮಗಳು ಎಷ್ಟು ದಿನ ಬೇಕಾದರೂ ಇರಬಹುದು, ಮಕ್ಕಳು ಮಾತ್ರ ಇರುವಂತಿಲ್ಲ" ಎಂದಳು. ಹಾಲೂಡಿಸುವ ತಾಯಿಗೆ ಹೇಳುವ ಮಾತೇ ಇದು?

ಕಾನೂನಿನಲ್ಲಿ ದಾರಿಯಿದೆಯೇ ಎಂದು ಆಮೇಲೆ ಓದಿದೆ. ಮಕ್ಕಳಿದ್ದಾರೆಂಬ ಕಾರಣಕ್ಕೆ ಮನೆ ನಿರಾಕರಿಸುವುದು ಅಮೆರಿಕದಲ್ಲಿ 1988ರ ಕಾನೂನಿನಂತೆ ತಪ್ಪೇ. ಆದರೆ ಹಿರಿಯರ ಬಡಾವಣೆಗಳಿಗೆ ವಿನಾಯಿತಿಯಿದೆ. 1995ರ ತಿದ್ದುಪಡಿಯಂತೆ, ಜನ ಇರುವ ಮನೆಗಳಲ್ಲಿ ಕನಿಷ್ಠ ನೂರಕ್ಕೆ 80ರಲ್ಲಿ 55 ತುಂಬಿದವರು ಒಬ್ಬರಾದರೂ ಇರಬೇಕು. ಉಳಿದ ನಿಯಮ ಬಡಾವಣೆ ಬರೆದುಕೊಂಡಂತೆ. ಈ ಮೂವತ್ತು ದಿನ ಸರ್ಕಾರದ್ದಲ್ಲ, ಬಡಾವಣೆಯ ನಿಬಂಧನೆಯದ್ದು. ಅದರ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಿರಿ. ನಮ್ಮದು ನೂರಕ್ಕೂ ಹೆಚ್ಚು ಪುಟವಿತ್ತು. ನಾನು ಗಿಡಗಳ ಪಟ್ಟಿ ಇದ್ದ ಪುಟಗಳನ್ನು ಮಾತ್ರ ಓದಿದ್ದೆ, ಮಲ್ಲಿಗೆ ಹಾಕಬಹುದೇ ಎಂದು.

ಅದೇ ನಿಬಂಧನೆಯಲ್ಲಿ ಮನೆ ಮುಂದಿನ ಕಾಂಕ್ರೀಟಿಗೆ 'ಬಣ್ಣ ಬಳಿಯುವಂತಿಲ್ಲ' ಎಂದಿದೆ. ಯುಗಾದಿಯಂದು ಹಾಕಿದ ರಂಗೋಲಿಗೂ ಕಾಗದ ಬಂತು. ಮಳೆಗೆ ತೊಳೆದುಹೋಗುವ ಹಿಟ್ಟು ಎಂದು ಉತ್ತರ ಬರೆಯುವಷ್ಟರಲ್ಲಿ ಮಳೆ ಬಂದು ತೊಳೆದಿತ್ತು. ಬಟ್ಟೆ ಒಣಗಿಸುವ ಹಗ್ಗಕ್ಕೂ ಬಂತು. ಅದರಲ್ಲಿ ಮಾತ್ರ ನಾನು ಗೆದ್ದೆ: ಬಿಸಿಲಿನಲ್ಲಿ ಬಟ್ಟೆ ಒಣಗಿಸುವುದನ್ನು ನಿಷೇಧಿಸುವಂತಿಲ್ಲ ಎಂದು ಫ್ಲಾರಿಡಾದ ಕಾನೂನೇ ಇದೆ. ಕಲಮಿನ ಸಂಖ್ಯೆ ಹಾಕಿ ಬರೆದೆ, ಸುಮ್ಮನಾದರು. ಅಂದಿನಿಂದ ಹಠಕ್ಕೆ ಬಿದ್ದು ಕರವಸ್ತ್ರವನ್ನೂ ಹಗ್ಗದ ಮೇಲೆಯೇ ಒಣಹಾಕುತ್ತೇನೆ.

ಕೊನೆಗೆ ಮಗಳು, ಮಕ್ಕಳು, ನಾವಿಬ್ಬರು ಎಲ್ಲರೂ ಅಟ್ಲಾಂಟಾಕ್ಕೆ ಹೊರಟೆವು. ಮಗಳದು ಎರಡು ಕೋಣೆಯ ಮನೆ. ಇಲ್ಲಿ ಮೂರು ಕೋಣೆಯ ಮನೆ ಬೀಗ ಹಾಕಿ ನಿಂತಿತ್ತು. ಅಲ್ಲಿದ್ದಾಗಲೇ, ಸೆಪ್ಟೆಂಬರ್ 28ಕ್ಕೆ, ಇಯಾನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿತು. ಮಾಡಿನ ಒಂದು ಮೂಲೆ ಹಾರಿ, 5,100 ಡಾಲರ್ ರಿಪೇರಿಗೆ ಹಿಡಿಯಿತು. ವಿಮೆ? ಇಲ್ಲಿ ಚಂಡಮಾರುತದ ಹಾನಿಯಲ್ಲಿ ನಮ್ಮ ಕೈಯಿಂದ ಮೊದಲು ಹಾಕಬೇಕಾದ ಹಣ ಮನೆಯ ವಿಮಾ ಮೊತ್ತದ ಶೇಕಡಾ ಲೆಕ್ಕದಲ್ಲಿರುತ್ತದೆ. ನಮ್ಮದು ಶೇ 2, ಅಂದರೆ 6,400. ಒಂದು ಪೈಸೆಯೂ ಬರಲಿಲ್ಲ. ನೆಲ ಕುಸಿತದ ಪೂರ್ಣ ವಿಮೆಯನ್ನೂ ಇಲ್ಲಿ ಬೇರೆಯಾಗಿ ಕೊಳ್ಳಬೇಕು. ಕುಸಿದು ಮನೆ ವಾಸಕ್ಕೇ ಬಾರದಂತಾದರೆ ಮಾತ್ರ ಸಾಮಾನ್ಯ ವಿಮೆ ನೆರವಿಗೆ ಬರುತ್ತದೆ. ಗೋಡೆ ಬಿರುಕು ಬಿಟ್ಟರೆ ಅದು ನಿಮ್ಮ ಹಣೆಬರಹ.

ಅಷ್ಟರಲ್ಲಿ ನಮ್ಮವರಿಗೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಶುರುವಾಗಿತ್ತು. ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ನಡಿಗೆ. ಈ ಬಡಾವಣೆಗಳಿಗೆ 'ಆಕ್ಟಿವ್ ಅಡಲ್ಟ್' ಎಂದು ಹೆಸರು. 1960ರ ಜನವರಿ 1ರಂದು ಅರಿಜೋನಾದಲ್ಲಿ ಡೆಲ್ ವೆಬ್ ಎಂಬ ಗುತ್ತಿಗೆದಾರ ಸನ್ ಸಿಟಿ ತೆರೆದಾಗಲೇ ಮಾರಿದ್ದು ಇದನ್ನು; ಮೊದಲ ವಾರಾಂತ್ಯವೇ ಸುಮಾರು ಒಂದು ಲಕ್ಷ ಜನ ನೋಡಲು ನುಗ್ಗಿದ್ದರಂತೆ. ಆಟವಾಡುವ ಮುದುಕರಿಗೆ ಊರು. ಆಟ ನಿಲ್ಲಿಸಿದವರಿಗೆ ಇಲ್ಲಿ ಏನೂ ಇಲ್ಲ. ದಾದಿಯಿಲ್ಲ, ಊಟ ತಂದುಕೊಡುವವರಿಲ್ಲ, ಬಸ್ ಇಲ್ಲ. ಉಪ್ಪಿನಕಾಯಿ ಆಟ ಎಂದು ನಾನು ಕರೆಯುವ ಪಿಕಲ್‌ಬಾಲ್ ಗುಂಪಿನವರು, ವಾರಕ್ಕೆ ಮೂರು ದಿನ ಬಾಗಿಲು ತಟ್ಟುತ್ತಿದ್ದವರು, ಎರಡು ತಿಂಗಳಲ್ಲಿ ಬರುವುದು ಬಿಟ್ಟರು. ಕೆಟ್ಟವರಲ್ಲ, ನೋಡಲು ಹೆದರುತ್ತಾರೆ, ಅಷ್ಟೇ.

ಅವರು ಕಾರು ಓಡಿಸುವುದನ್ನು ಬಿಡಿಸಿದೆ. ಆದರೆ ಗಾಲ್ಫ್ ಗಾಡಿಗೆ ಚಾಲನಾ ಪರವಾನಗಿ ಬೇಡ, ಹದಿನೆಂಟು ದಾಟಿದವರ ಬಳಿ ಗುರುತಿನ ಚೀಟಿ ಇದ್ದರೆ ಸಾಕು. ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಹೊರಟೇಬಿಟ್ಟಿದ್ದಾರೆ. ಎರಡು ಬೀದಿಯಾಚೆ ಯಾರದೋ ಹೂವಿನ ಮಡಿಯಲ್ಲಿ ಗಾಡಿ ನಿಂತಿತ್ತು, ಇವರು ಚಕ್ರ ಹಿಡಿದು ನೇರ ಕೂತಿದ್ದರು. "ಹಾಲು ತರಲು ಹೊರಟೆ" ಎಂದರು. ಅಂದಿನಿಂದ ಕೀಲಿ ಸಾಸಿವೆ ಡಬ್ಬಿಯಲ್ಲಿದೆ.

2023ರಲ್ಲಿ ರಾತ್ರಿ ಬಚ್ಚಲಲ್ಲಿ ಬಿದ್ದರು. ಆಂಬುಲೆನ್ಸ್ ಏಳು ನಿಮಿಷದಲ್ಲಿ ಬಂತು, ಅದನ್ನು ಹೊಗಳಲೇಬೇಕು. ಆಸ್ಪತ್ರೆಯಲ್ಲಿ ಮೂರು ರಾತ್ರಿ ಇಟ್ಟುಕೊಂಡು, ನಡೆಯುವ ವ್ಯಾಯಾಮಕ್ಕೆ ನರ್ಸಿಂಗ್ ಹೋಮ್‌ಗೆ ಕಳುಹಿಸಿದರು. ಮೆಡಿಕೇರ್, ಅಂದರೆ ಹಿರಿಯರಿಗೆಂದು ಇರುವ ಸರ್ಕಾರಿ ಆರೋಗ್ಯ ವಿಮೆ, ಅದಕ್ಕೆ ಹಣ ಕೊಡಲಿಲ್ಲ. ಮೂರು ದಿನ ಒಳರೋಗಿಯಾಗಿ ದಾಖಲಾಗಿದ್ದರೆ ಮಾತ್ರ ಕೊಡುತ್ತದೆ. ಇವರನ್ನು ಮೂರು ರಾತ್ರಿಯೂ 'ನಿಗಾ'ದಲ್ಲಿ ಮಲಗಿಸಿದ್ದರೇ ಹೊರತು ದಾಖಲು ಮಾಡಿಕೊಂಡಿರಲಿಲ್ಲ. ಅದೇ ಮಂಚ, ಅದೇ ಗ್ಲೂಕೋಸ್. ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದ ನನಗೇ ಇದು ಗೊತ್ತಿರಲಿಲ್ಲ. ನಿಮ್ಮವರನ್ನು ಮಲಗಿಸಿದ ದಿನವೇ ಕೇಳಿ: ದಾಖಲೋ, ನಿಗಾವೋ?

ಈ ಫೆಬ್ರುವರಿಯಿಂದ ಮನೆ ಮಾರಾಟಕ್ಕಿದೆ. ಮಗಳ ಮನೆಯಿಂದ ಹತ್ತು ನಿಮಿಷದಲ್ಲಿ ಒಂದು ಚಿಕ್ಕ ಫ್ಲ್ಯಾಟ್ ನೋಡಿಟ್ಟಿದ್ದೇವೆ. ಇದು ಹೋಗದೆ ಅದು ಆಗುವುದಿಲ್ಲ. ಬಡಾವಣೆಯ ದಕ್ಷಿಣಕ್ಕೆ ಡೆವಲಪರ್ ಇನ್ನೂ ಹೊಸ ಮನೆಗಳನ್ನು ಕಟ್ಟುತ್ತಲೇ ಇದ್ದಾರೆ. ಹೊಸದು ಸಿಗುವಾಗ ನಮ್ಮ ಹಳೆಯದು, ಅದೂ 29,000ದ ಬಾಂಡ್ ಹೊತ್ತದ್ದು, ಯಾರಿಗೆ ಬೇಕು?

ಹೋದ ಭಾನುವಾರ ಒಹಾಯೊದಿಂದ ಗಂಡ ಹೆಂಡತಿ ನೋಡಲು ಬಂದಿದ್ದರು. ಆಕೆ ಮೂರನೆಯ ಕೋಣೆಯ ಬಾಗಿಲಲ್ಲಿ ನಿಂತು, "ಮೊಮ್ಮಕ್ಕಳು ಬಂದರೆ ಇಲ್ಲಿ ಮಲಗಿಸಬಹುದು" ಎಂದು ಗಂಡನಿಗೆ ಹೇಳಿದಳು. ನಾನು ಕಪಾಟಿನಿಂದ 2022ರ ಆ ಕಾಗದ ತೆಗೆದು ಕೈಗೆ ಕೊಟ್ಟೆ. ನಿಂತಲ್ಲೇ ಎರಡು ಸಲ ಓದಿದಳು. ಹತ್ತು ನಿಮಿಷದಲ್ಲಿ ಹೊರಟರು. ನಮ್ಮ ಏಜೆಂಟ್ ಅವರನ್ನು ಕಾರಿನವರೆಗೆ ಬಿಟ್ಟು ಬಂದು, ಇನ್ನು ಮುಂದೆ ಮನೆ ತೋರಿಸುವ ಹೊತ್ತಿಗೆ ನಾನು ಯಜಮಾನರನ್ನು ಕರೆದುಕೊಂಡು ಒಂದು ಗಂಟೆ ಹೊರಗೆ ಹೋಗಿರಬೇಕು ಎಂದರು.