ಏರ್ ರೈಫಲ್ ಮೇಲೆ 3-9×40 ಎಒ ಸ್ಕೋಪ್, ಮೂರು ವರ್ಷದ ಬಳಕೆಯ ನಂತರ

ಈ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ನನ್ನ ರೈಫಲ್ ಏರಿ ಮೂರು ವರ್ಷ ದಾಟಿತು. 3-9 ಅಂದರೆ ಜೂಮ್ 3ರಿಂದ 9 ಪಟ್ಟು, 40 ಅಂದರೆ ಮುಂಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಎಒ ಏನು ಅಂತ ಮುಂದೆ ಹೇಳುತ್ತೇನೆ. ರೈಫಲ್ ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಮಾದರಿಯದು. ಕ್ಯಾಲಿಬರ್ (ನಳಿಗೆಯ ಒಳ ಅಗಲ) 4.5 ಮಿಲಿಮೀಟರ್, ಅಂದರೆ .177 ಇಂಚು. ಐನೂರು ಪೆಲೆಟ್‌ನ ಡಬ್ಬಿ ಖಾಲಿಯಾದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕುತ್ತೇನೆ. ಈಗ ಇಪ್ಪತ್ತೆರಡು ಗೀಟು ಇವೆ. ಹನ್ನೊಂದು ಸಾವಿರ ಹೊಡೆತ ತಿಂದ ಮೇಲೂ ಸ್ಕೋಪ್ ಗಟ್ಟಿಯಾಗಿದೆ. ಅದಕ್ಕೇ ಈಗ ಬರೆಯುವ ಧೈರ್ಯ ಬಂತು.

ಇದಕ್ಕೂ ಮೊದಲಿದ್ದ ಸ್ಕೋಪ್ ಒಂದು ಡಬ್ಬಿಯನ್ನೂ ಮುಗಿಸಲಿಲ್ಲ. ಅದು ಮದ್ದಿನ ರೈಫಲ್‌ಗಳಿಗೆ ಅಂತ ಮಾಡಿದ್ದು. ಅಂಥ ಹೊಡೆತ ತಡೆಯುವ ಸ್ಕೋಪ್‌ಗೆ ಗಾಳಿ ಬಂದೂಕು ಯಾವ ಲೆಕ್ಕ ಅಂದುಕೊಂಡಿದ್ದೆ. ಮೊದಮೊದಲು 25 ಮೀಟರ್‌ನಲ್ಲಿ ಐದು ಪೆಲೆಟ್ ಒಂದು ನಾಣ್ಯದಷ್ಟು ಜಾಗದಲ್ಲಿ ಬೀಳುತ್ತಿದ್ದವು. ಒಂದು ದಿನ ನೋಡಿದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಪೆಲೆಟ್ ಬದಲಿಸಿದೆ. ಸ್ಕ್ರೂ ಬಿಗಿ ಮಾಡಿದೆ. ನನ್ನ ಹಿಡಿತವೇ ಕೆಟ್ಟಿತೇನೋ ಅಂತ ಒಂದು ವಾರ ಒದ್ದಾಡಿದೆ. ಕೊನೆಗೆ ಸ್ಕೋಪ್ ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಏನೋ ಟಕ್ ಟಕ್ ಅಂದಿತು. ಕಣ್ಣಿಟ್ಟು ನೋಡಿದರೆ ಕ್ರಾಸ್‌ಹೇರ್, ಅಂದರೆ ಗುರಿ ಹಿಡಿಯುವ ಕೂಡುಗೆರೆ, ಓರೆಯಾಗಿ ತಿರುಗಿಕೊಂಡಿತ್ತು.

ಕಾರಣ ಆಮೇಲೆ ಗೊತ್ತಾಯಿತು. ಮದ್ದಿನ ರೈಫಲ್ ಹಿಂದಕ್ಕೆ ಒದೆಯುತ್ತದೆ, ಅಷ್ಟೇ. ಸ್ಪ್ರಿಂಗ್ ಏರ್ ರೈಫಲ್ ಎರಡು ಸಲ ಒದೆಯುತ್ತದೆ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಭಾರದ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ರೈಫಲ್ ಹಿಂದೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ಕೊನೆಗೆ ಹೋಗಿ ಒತ್ತಿದ ಗಾಳಿಗೆ ಬಡಿದು ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಜಗ್ಗುವಿಕೆಯೇ ಒಳಗಿನ ಲೆನ್ಸ್‌ಗಳನ್ನು ಸಡಿಲ ಮಾಡುವುದು. ಹಾಗಾಗಿ ಸ್ಪ್ರಿಂಗ್ ರೈಫಲ್ ಇರುವವರು ಮೊದಲು ನೋಡಬೇಕಾದ್ದು ಒಂದೇ ಸಾಲು: ಈ ಸ್ಕೋಪ್ ಸ್ಪ್ರಿಂಗ್ ಏರ್ ರೈಫಲ್ ತಡೆಯುತ್ತದೆ ಅಂತ ತಯಾರಕರು ಸ್ಪಷ್ಟವಾಗಿ ಬರೆದಿದ್ದಾರಾ? ಬರೆದಿಲ್ಲವಾದರೆ ಬೇಡವೇ ಬೇಡ. ತುಂಬಿಸಿದ ಗಾಳಿಯ ಪಿಸಿಪಿ ರೈಫಲ್‌ಗಳಲ್ಲಿ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಅವರಿಗೆ ಈ ತಲೆನೋವಿಲ್ಲ.

ಆದರೆ ಎರಡನೇ ತಲೆನೋವು ಎಲ್ಲರಿಗೂ ಇದೆ. ಅದು ಪ್ಯಾರಲಾಕ್ಸ್: ಕಣ್ಣು ಸರಿದರೆ ಕ್ರಾಸ್‌ಹೇರ್ ಗುರಿಯ ಮೇಲೆ ಸರಿದಂತೆ ಕಾಣುವ ದೋಷ. ನನ್ನ ಪ್ರಕಾರ ಏರ್ ರೈಫಲ್ ಸ್ಕೋಪ್ ಆರಿಸುವಾಗ ಜೂಮ್‌ಗಿಂತ, ಲೆನ್ಸ್ ಗಾತ್ರಕ್ಕಿಂತ ಇದೇ ದೊಡ್ಡದು.

ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲ್ಲಾಡದ ಹಾಗೆ ಇಡಿ. 10 ಮೀಟರ್ ದೂರದ ಗುರಿ ಕಾರ್ಡಿನ ನಡುವೆ ಕ್ರಾಸ್‌ಹೇರ್ ಕೂರಿಸಿ. ಈಗ ರೈಫಲ್ ಮುಟ್ಟದೆ ತಲೆಯನ್ನು ಮಾತ್ರ ಸ್ವಲ್ಪ ಮೇಲೆ ಕೆಳಗೆ ಆಡಿಸಿ. ನನ್ನ ಹಳೆಯ ಸ್ಕೋಪಿನಲ್ಲಿ ಕ್ರಾಸ್‌ಹೇರ್ ಕಾರ್ಡಿನ ಮೇಲೆ ತೇಲಾಡುತ್ತಿತ್ತು. ರೈಫಲ್ ಕದಲಿಲ್ಲ, ಕಾರ್ಡ್ ಕದಲಿಲ್ಲ, ಗುರಿ ಮಾತ್ರ ಕದಲಿತು! ಮದ್ದಿನ ರೈಫಲ್ ಸ್ಕೋಪ್‌ಗಳಲ್ಲಿ ಈ ದೋಷ ಇಲ್ಲದ ದೂರವನ್ನು ಸಾಮಾನ್ಯವಾಗಿ 100 ಗಜಕ್ಕೆ, ಅಂದರೆ ಸುಮಾರು 91 ಮೀಟರ್‌ಗೆ ಕೂರಿಸಿರುತ್ತಾರೆ. ನಾವು ಹೊಡೆಯುವುದು 10ರಿಂದ 50 ಮೀಟರ್ ಒಳಗೆ. 40 ಮಿಲಿಮೀಟರ್ ಮುಂಗಾಜಿನ ಅಂಥ ಸ್ಕೋಪನ್ನು 10 ಮೀಟರ್‌ನಲ್ಲಿ ಬಳಸಿದರೆ, ಕಣ್ಣು ತೀರಾ ಅಂಚಿಗೆ ಸರಿದಾಗ ಹೆಚ್ಚೆಂದರೆ ಸುಮಾರು 18 ಮಿಲಿಮೀಟರ್ ತಪ್ಪು ಬರಬಹುದು. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರಿಸಿದರೆ ಇದು ಕಡಿಮೆಯಾಗುತ್ತದೆ. ಆದರೂ ದೋಷ ಅಲ್ಲೇ ಇರುತ್ತದೆ, ಅಲ್ವಾ?

ಎಒ, ಅಂದರೆ ಅಡ್ಜಸ್ಟಬಲ್ ಆಬ್ಜೆಕ್ಟಿವ್ (ಹೊಂದಿಸಬಹುದಾದ ಮುಂಗಾಜು), ಇದಕ್ಕೆ ಪರಿಹಾರ. ಮುಂಗಾಜಿನ ಸುತ್ತ ಒಂದು ಉಂಗುರ ಇರುತ್ತದೆ. ಅದನ್ನು ತಿರುಗಿಸಿ ದೂರಕ್ಕೆ ತಕ್ಕಂತೆ ಪ್ಯಾರಲಾಕ್ಸ್ ಹೊಂದಿಸಬಹುದು. ನನ್ನದು 10 ಗಜದವರೆಗೂ ಇಳಿಯುತ್ತದೆ. ಉಂಗುರದ ಮೇಲಿನ ಅಂಕಿಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ನನ್ನದರಲ್ಲಿ 25 ಅಂತ ಇರುವ ಕಡೆ ಇಟ್ಟರೆ 25 ಗಜದ ಕಾರ್ಡು ಮಂಜು ಮಂಜು. ಮೊದಲ ವಾರವೇ ಟೇಪು ಹಿಡಿದು ದೂರ ಅಳೆದೆ. ಪ್ರತಿ ಐದು ಮೀಟರ್‌ಗೆ ತಲೆ ಆಡಿಸಿ ನೋಡಿ, ಉಂಗುರದ ಮೇಲೆ ಬಿಳಿ ಪಟ್ಟಿ ಅಂಟಿಸಿ ನನ್ನದೇ ಗುರುತು ಬರೆದೆ. ಈ ಪಟ್ಟಿಯನ್ನು ಎರಡು ಸಲ ಬದಲಿಸಿದ್ದೇನೆ. ಬೆರಳಿನ ಬೆವರಿಗೆ ಶಾಯಿ ಹೋಗುತ್ತದೆ.

ಆದರೆ ಅದಕ್ಕೂ ಮೊದಲು ಹಿಂಗಾಜಿನ ಫೋಕಸ್ ಸರಿ ಮಾಡಿಕೊಳ್ಳಿ. ಬೋಳು ಗೋಡೆಯ ಕಡೆ ಹಿಡಿದು, ಒಂದು ಕ್ಷಣ ನೋಡಿ, ಕ್ರಾಸ್‌ಹೇರ್ ತಟ್ಟನೆ ಚೂಪಾಗಿ ಕಾಣುವ ತನಕ ತಿರುಗಿಸುವುದು. ದಿಟ್ಟಿಸುತ್ತಾ ಕೂತರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ. ಇದನ್ನು ಬಿಟ್ಟು ಎಒ ಉಂಗುರ ತಿರುಗಿಸಿದರೆ ಚಿತ್ರ ಚೂಪಾದರೂ ಪ್ಯಾರಲಾಕ್ಸ್ ಉಳಿದಿರಬಹುದು.

ಇನ್ನು ಜೂಮ್. 9ಕ್ಕಿಂತ ಜಾಸ್ತಿ ಬೇಕು ಅಂತ ಈ ಮೂರು ವರ್ಷದಲ್ಲಿ ನನಗೆ ಅನಿಸಿದ್ದೇ ಇಲ್ಲ. 40ನ್ನು 9ರಿಂದ ಭಾಗಿಸಿದರೆ 4.4. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟು ಮಿಲಿಮೀಟರ್ ಅಗಲ. ಅದೇ ಗಾಜಿಗೆ 16ರ ಜೂಮ್ ಇದ್ದರೆ ಬರೀ 2.5. ಸಂಜೆ ಚಿತ್ರ ಕಪ್ಪಾಗುತ್ತದೆ, ಕಣ್ಣು ಒಂದು ಕೂದಲು ಸರಿದರೂ ನೋಟವೇ ಮಾಯ. ಬೇರೆ ಬೇರೆ ದೂರದ ಗುರಿ ಹೊಡೆಯುವ ಫೀಲ್ಡ್ ಟಾರ್ಗೆಟ್ ಸ್ಪರ್ಧೆಯವರು ದೊಡ್ಡ ಜೂಮ್ ಇಡುತ್ತಾರೆ ನಿಜ. ಅವರು ಫೋಕಸ್ ಚಕ್ರ ತಿರುಗಿಸಿಯೇ ದೂರ ಅಳೆಯುತ್ತಾರೆ, ಆ ಕೆಲಸಕ್ಕೆ ಅದು ಬೇಕು. ಕಾರ್ಡು, ಡಬ್ಬಿ ಹೊಡೆಯುವವರಿಗೆ ಬೇಡ.

ರೆಟಿಕಲ್ (ಕ್ರಾಸ್‌ಹೇರ್‌ನ ವಿನ್ಯಾಸ) ಮಿಲ್-ಡಾಟ್, ಅಂದರೆ ಗೆರೆಗಳ ಮೇಲೆ ಸಮ ಅಂತರದಲ್ಲಿ ಚುಕ್ಕಿಗಳು. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ 1 ಮಿಲ್, ಅಂದರೆ 10 ಮೀಟರ್‌ನಲ್ಲಿ 1 ಸೆಂಟಿಮೀಟರ್. ನನ್ನ ರೈಫಲ್ 25 ಮೀಟರ್‌ಗೆ ಝೀರೋ ಆಗಿದೆ, ಅಂದರೆ ಆ ದೂರದಲ್ಲಿ ಪೆಲೆಟ್ ಕ್ರಾಸ್‌ಹೇರ್ ಇಟ್ಟ ಕಡೆಯೇ ಬೀಳುತ್ತದೆ. 35 ಮೀಟರ್‌ನಲ್ಲಿ ಪೆಲೆಟ್ ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ, ಅಲ್ಲಿ ಅರ್ಧ ಚುಕ್ಕಿ ಅಂತರಕ್ಕಿಂತ ಚೂರು ಜಾಸ್ತಿ ಎತ್ತಿ ಹಿಡಿಯುತ್ತೇನೆ. ವಿಚಿತ್ರ ಅಂದರೆ 10 ಮೀಟರ್‌ನಲ್ಲೂ ಒಂದು ಸೆಂಟಿಮೀಟರ್ ಕೆಳಗೇ ಬೀಳುತ್ತದೆ. ಸ್ಕೋಪ್ ನಳಿಗೆಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೂತಿದೆ, ಅಷ್ಟು ಹತ್ತಿರದಲ್ಲಿ ಪೆಲೆಟ್ ಇನ್ನೂ ನೋಟದ ಗೆರೆಯವರೆಗೆ ಏರಿರುವುದಿಲ್ಲ. ಈ ಚುಕ್ಕಿ ಲೆಕ್ಕ ನನ್ನ ಸ್ಕೋಪಿನಲ್ಲಿ 9ರ ಜೂಮ್‌ಗೆ ಮಾತ್ರ ಸರಿ. 4.5ಕ್ಕೆ ಇಳಿಸಿದರೆ ಅದೇ ಅಂತರ 2 ಮಿಲ್ ಆಗುತ್ತದೆ. ಇದನ್ನು ತಿಳಿಯದೆ ಎಷ್ಟೋ ಕಾರ್ಡು ಹಾಳು ಮಾಡಿದೆ.

ಟರೆಟ್, ಅಂದರೆ ಗುರಿ ಸರಿಸುವ ಗುಂಡಿ, ತಿರುಗಿಸಿದಾಗಿನ ಕ್ಲಿಕ್‌ಗಳು ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ), 25 ಮೀಟರ್‌ನಲ್ಲಿ ಒಂದಕ್ಕೆ 1.8 ಮಿಲಿಮೀಟರ್. ಚೌಕ ಬರೆದು ಪರೀಕ್ಷಿಸಿದೆ: ಇಪ್ಪತ್ತು ಕ್ಲಿಕ್ ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ. ಪೆಲೆಟ್ ಹೊರಟ ಜಾಗಕ್ಕೇ ಬಂತು.

ಸ್ಕೋಪನ್ನು ರೈಫಲ್‌ಗೆ ಕೂರಿಸುವ ಮೌಂಟ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಏರ್ ರೈಫಲ್‌ಗಳಲ್ಲಿ ಹೆಚ್ಚಾಗಿ ಇರುವುದು ಮೌಂಟ್ ಕಚ್ಚಿ ಹಿಡಿಯುವ 11 ಮಿಲಿಮೀಟರ್ ಡವ್‌ಟೇಲ್ ಹಳಿ. ಮೊದಲು ಎರಡು ಬಿಡಿ ರಿಂಗ್ ಹಾಕಿದ್ದೆ. ಅನುಮಾನ ಬಂದು ಹಿಂದಿನ ರಿಂಗ್ ಪಕ್ಕ ಹಳಿಯ ಮೇಲೆ ಪೆನ್ಸಿಲ್ ಗೀಟು ಎಳೆದೆ. ಐವತ್ತು ಹೊಡೆತದ ನಂತರ ರಿಂಗ್ ಗೀಟನ್ನು ನುಂಗಿ ಹಿಂದಕ್ಕೆ ಬಂದಿತ್ತು. ಹಾಗಂತ ಸ್ಕ್ರೂ ಜಾಸ್ತಿ ಬಿಗಿದರೆ ಕೊಳವೆಯೇ ನಜ್ಜುಗುಜ್ಜಾಗುತ್ತದೆ. ಈಗ ಇರುವುದು ಒಂದೇ ತುಂಡಿನ ಮೌಂಟ್. ಅದರ ಸ್ಟಾಪ್ ಪಿನ್ ಹಳಿಯ ತೂತಿಗೆ ಇಳಿದು ಕೂರುತ್ತದೆ. ನನ್ನ ನಳಿಗೆ ಮುಂದೆ ಚೂರು ಕೆಳಕ್ಕೆ ಬಾಗಿದಂತಿದೆ, ಮಡಚುವ ನಳಿಗೆಗಳಲ್ಲಿ ಇದು ಮಾಮೂಲು. ಟರೆಟ್ ಪೂರ್ತಿ ಮೇಲಕ್ಕೆ ತಿರುಗಿಸುವ ಬದಲು ಮೌಂಟಿನ ಹಿಂದಿನ ರಿಂಗಿನಲ್ಲಿ ಸ್ಕೋಪ್ ಕೊಳವೆಯ ಕೆಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ಇಟ್ಟೆ, ಸರಿಹೋಯಿತು.

ಬೇಸರದ ವಿಷಯಗಳೂ ಇವೆ. ಎಒ ಉಂಗುರ ಚಳಿಯಲ್ಲಿ ಬಿಗಿ. ಅದನ್ನು ತಿರುಗಿಸಲು ಕೆನ್ನೆ ಎತ್ತಿ ಕೈ ಮುಂದೆ ಚಾಚಬೇಕು, ಪಕ್ಕದಲ್ಲಿ ಫೋಕಸ್ ಇರುವ ಸ್ಕೋಪ್‌ನಲ್ಲಿ ಈ ರಗಳೆ ಇಲ್ಲ. ಜೂಮ್ ಉಂಗುರ ಮಾತ್ರ ಈಗೀಗ ಸಡಿಲ, ಹೊಡೆತಕ್ಕೆ 9ರಿಂದ ಜಾರುತ್ತದೆ. ಚುಕ್ಕಿ ಲೆಕ್ಕ ಕೆಡುವುದೇ ಅಲ್ಲಿ. ಗಾಜು ನಡುವೆ ಸ್ವಚ್ಛ, ಅಂಚಿನಲ್ಲಿ ಸ್ವಲ್ಪ ಮಬ್ಬು.

ಒಲಿಂಪಿಕ್ಸ್ ಮಾದರಿಯ 10 ಮೀಟರ್ ಕಲಿಯುವ ಆಸೆ ಇದ್ದರೆ ಸ್ಕೋಪಿಗೆ ದುಡ್ಡು ಹಾಕಬೇಡಿ. ಅಲ್ಲಿ ಸ್ಕೋಪ್ ಇಡುವಂತಿಲ್ಲ. ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ಅದನ್ನೂ ಸಣ್ಣ ತೂತಿನ ಸೈಟ್‌ನಲ್ಲೇ ಹೊಡೆಯುತ್ತಾರೆ. ಇನ್ನೊಂದು: ದೂರದಲ್ಲಿ ಯಾರು ಬಂದರು ಅಂತ ನೋಡಲು ಸ್ಕೋಪ್ ಎತ್ತಲೇಬೇಡಿ. ಅದರ ಜೊತೆ ನಳಿಗೆಯೂ ಅವರ ಕಡೆ ತಿರುಗಿರುತ್ತದೆ. ನನ್ನ ಚೀಲದಲ್ಲಿ ಅದಕ್ಕೆ ಅಂತಲೇ ಒಂದು ಪುಟ್ಟ ಬೈನಾಕ್ಯುಲರ್ ಇದೆ.

ಹೊಸ ಮೌಂಟ್ ಹಾಕಿದ ದಿನವೂ ಒಂದು ಪೆನ್ಸಿಲ್ ಗೀಟು ಎಳೆದಿದ್ದೆ. ಡಬ್ಬಿ ಮುಗಿದಾಗಲೆಲ್ಲ ಅದನ್ನು ನೋಡುತ್ತೇನೆ. ಗೀಟು ಮಾಸಿದೆ, ಮೌಂಟ್ ಅದರ ಪಕ್ಕದಲ್ಲೇ ಇದೆ.